ಅಂಗಳದ ಕಲಿಕೆ ಮತ್ತು ಶಿಶುಶಿಕ್ಷಕಿಯರ ತರಬೇತಿ: ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದ ಒಂದು ಜಾನಪದೀಯ ವಿವೇಚನೆ

ಮೂರರಿಂದ ಆರು ವರ್ಷದೊಳಗಿನ ಮಕ್ಕಳಿಗೆ ಕಲಿಸುವವರನ್ನು ಸಿದ್ಧಗೊಳಿಸುವ ಕಾರ್ಯವು ಉತ್ತರ ಕರ್ನಾಟಕದಲ್ಲಿ ಎರಡು ಮೂಲಗಳಿಂದ ಹರಿದುಬಂದಿದೆ. ಮೊದಲನೆಯದು ಕ್ರೈಸ್ತ ಮಿಶನ್‌ಗಳೂ ಕಾನ್ವೆಂಟುಗಳೂ ಬೆಳೆಸಿದ ಶಿಕ್ಷಕ ತರಬೇತಿಯ ಪರಂಪರೆ. ಎರಡನೆಯದು ಸ್ವಾತಂತ್ರ್ಯಾನಂತರ ಸರಕಾರವು ಅಂಗನವಾಡಿಯ ಮೂಲಕ ಹಳ್ಳಿಹಳ್ಳಿಗೆ ಒಯ್ದ ವ್ಯವಸ್ಥೆ. ಇವೆರಡಕ್ಕೂ ಮೊದಲೇ ಇದ್ದ, ಇವೆರಡೂ ತಮ್ಮ ಪಠ್ಯಕ್ರಮದಲ್ಲಿ ಸರಿಯಾಗಿ ಗುರುತಿಸದ ಮೂರನೆಯ ಮೂಲವೊಂದಿದೆ. ಅದು ಮನೆಯ ಅಂಗಳ. ಅಜ್ಜಿಯ ಜೋಗುಳ, ಅವ್ವನ ಕೈಬೆರಳಾಟ, ಓಣಿಯ ಹುಡುಗಿಯರ ಕಲ್ಲಾಟ, ಮಳೆಗಾಲದ ಮಣ್ಣಿನ ಗೊಂಬೆ ಇವೆಲ್ಲ ಪ್ರಮಾಣಪತ್ರವಿಲ್ಲದ ಒಂದು ಶಿಶುಶಿಕ್ಷಣ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಪರಿಸರವನ್ನು ಎದುರಿಗಿಟ್ಟುಕೊಂಡು, ಈ ಮೂರನೆಯ ಮೂಲಕ್ಕೂ ಮೊದಲೆರಡಕ್ಕೂ ಇರುವ ಸಂಬಂಧವೆಂಥದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಶಿಶುಶಿಕ್ಷಣವೆಂಬುದು ಯುರೋಪಿನಲ್ಲಿಯೂ ಧರ್ಮಗುರುಗಳ ಮನೆಯಂಗಳದಲ್ಲಿಯೇ ಹುಟ್ಟಿತೆಂಬುದು ಇಲ್ಲಿ ಗಮನಾರ್ಹ. ಹದಿನೇಳನೆಯ ಶತಮಾನದ ಕೊಮೆನಿಯಸ್ ಮೊರಾವಿಯನ್ ಪಂಥದ ಬಿಷಪ್ ಆಗಿದ್ದವನು. ಮಗುವಿನ ಮೊದಲ ಆರು ವರ್ಷಗಳನ್ನು ‘ತಾಯಿಯ ಮಡಿಲ ಶಾಲೆ’ ಎಂದು ಭಾವಿಸಿ ಅದಕ್ಕೊಂದು ಕ್ರಮವನ್ನು ಸೂಚಿಸಿದ ಅವನು, 1658ರಲ್ಲಿ ಮಕ್ಕಳಿಗಾಗಿ ಚಿತ್ರಸಹಿತ ಪುಸ್ತಕವನ್ನೂ ಹೊರತಂದನು. ಶಿಶುವಿಹಾರದ ಪಿತಾಮಹನೆನಿಸಿದ ಫ್ರೋಬೆಲ್ ಲೂಥರನ್ ಪಾದ್ರಿಯೊಬ್ಬರ ಮಗ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಆರಂಭಿಸಿದ ತನ್ನ ಸಂಸ್ಥೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟನು. ಜಾನಪದ ವಿದ್ವಾಂಸರು ವಿಶೇಷವಾಗಿ ಗಮನಿಸಬೇಕಾದುದು 1844ರಲ್ಲಿ ಪ್ರಕಟವಾದ ಅವನ ತಾಯಿಹಾಡುಗಳ ಸಂಕಲನವನ್ನು. ರೈತ ಹೆಂಗಸರು ಮಗುವನ್ನು ಮೊಣಕಾಲ ಮೇಲೆ ಕೂಡಿಸಿಕೊಂಡು ಆಡಿಸುವ ಬೆರಳಾಟ, ಕೈಯಾಟಗಳನ್ನು ಕಂಡು, ಅವುಗಳ ಮಾದರಿಯಲ್ಲಿ ಹಾಡು, ಚಿತ್ರ, ವಿವರಣೆಗಳನ್ನು ಜೋಡಿಸಿ ಸಿದ್ಧಪಡಿಸಿದ ಗ್ರಂಥವಿದು. ಇಂದು ಜಗತ್ತಿನ ಶಿಶುಶಿಕ್ಷಕಿಯರೆಲ್ಲ ‘ಆಧುನಿಕ’ವೆಂದು ಕಲಿಯುವ ಬೆರಳಾಟದ ಹಾಡುಗಳ ಬೇರು ಹೀಗೆ ಜನಪದದಲ್ಲಿದೆ. ಆದರೆ ಅದು ಜರ್ಮನಿಯ ಜನಪದ. ಆ ಪದ್ಧತಿ ಇಂಗ್ಲೆಂಡಿನ ಹಾದಿಯಾಗಿ ಭಾರತಕ್ಕೆ ಬಂದಾಗ ಹಾಡುಗಳು ಬಂದವು. ಸ್ಥಳೀಯ ತಾಯಂದಿರನ್ನು ಕಂಡು ಕಲಿಯಬೇಕೆಂಬ ಫ್ರೋಬೆಲ್‌ನ ಮೂಲ ವಿಧಾನ ಬರಲಿಲ್ಲ. ತರಬೇತಿಯ ಇತಿಹಾಸದಲ್ಲಿ ಆದ ನಿಜವಾದ ನಷ್ಟವೆಂದರೆ ಇದೇ ಎನ್ನಬೇಕಾಗುತ್ತದೆ.

ಬೆಳಗಾವಿ ಭಾಗಕ್ಕೆ ಮಿಶನ್ ಶಿಕ್ಷಣವು ಬೇಗನೆ ಕಾಲಿಟ್ಟಿತು. ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದು ನೆಲೆಸಿದರು. ಮುಂದೆ ಬೈನನ್ ಮತ್ತು ಸ್ಮಿತ್ ಅವರ ಹೆಸರನ್ನು ಹೊತ್ತ ಶಾಲೆಯು ಆ ಪ್ರಯತ್ನದ ಫಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕ್ಷೇತ್ರವು ಅಮೆರಿಕದ ಮೆಥೊಡಿಸ್ಟರ ಕೈಗೆ ಬಂದಿತು. ಅತ್ತ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿನಲ್ಲಿಯೂ 1837ರಲ್ಲಿ ಧಾರವಾಡದಲ್ಲಿಯೂ ನೆಲೆಯೂರಿ ಶಾಲೆಗಳನ್ನು ತೆರೆಯಿತು. ಮಂಗಳೂರಿನ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳ ಶಿಕ್ಷಣಕ್ಕೂ ಶಿಕ್ಷಕಿಯರ ತರಬೇತಿಗೂ ಹೆಸರಾದರು. 1921ರಲ್ಲಿ ಅವರು ಸ್ಥಾಪಿಸಿದ ಸೇಂಟ್ ಆ್ಯಗ್ನೆಸ್ ಕಾಲೇಜು ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು. ಹಳ್ಳಿಯ ಸಾಮಾನ್ಯ ಮನೆತನದ ಹೆಣ್ಣುಮಗಳೊಬ್ಬಳು ‘ಟೀಚರ್’ ಆಗಬಹುದು ಎಂಬ ಕಲ್ಪನೆಗೆ ಈ ಸಂಸ್ಥೆಗಳ ಕೊಡುಗೆ ದೊಡ್ಡದು.

ಮಿಶನ್ ತರಬೇತಿಯು ಸ್ಥಳೀಯ ಸಂಸ್ಕೃತಿಯನ್ನು ಅಳಿಸಿಹಾಕಿತೆಂಬ ಆರೋಪವನ್ನು ಸಾರಾಸಗಟಾಗಿ ಒಪ್ಪುವಂತಿಲ್ಲ. 1853ರಲ್ಲಿ ಬಂದ ಕಿಟೆಲ್ ಅವರು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ ‘ಕಥಾಮಾಲೆ’ಯನ್ನು ಬರೆದರು, 1894ರ ಅವರ ನಿಘಂಟಿನಲ್ಲಿ ಜನರ ಬಾಯಿಯ ಗಾದೆಗಳು ಹೇರಳವಾಗಿ ಉದಾಹರಣೆಗಳಾಗಿ ಬಂದಿವೆ. ಕೇಳುಗನ ಕಿವಿಗೆ ಒಗ್ಗಿದ ಧಾಟಿಯಲ್ಲಿಯೇ ಹೊಸದನ್ನು ಹೇಳಬೇಕೆಂಬ ಅರಿವು ಆ ತಲೆಮಾರಿಗೆ ಇತ್ತು. ಅದು ಬೋಧಕರ ಅರಿವಾಗಿ ಉಳಿಯಿತೇ ಹೊರತು ಶಿಶುಶಿಕ್ಷಕಿಯರ ಪಠ್ಯವಾಗಲಿಲ್ಲ. ಕಾನ್ವೆಂಟು ಎಂಬ ಪದವೇ ಇಂದು ನಮ್ಮ ಹಳ್ಳಿಗಳಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠ ಎಂಬ ಅರ್ಥವನ್ನು ಕಳೆದುಕೊಂಡು, ಯಾರೇ ನಡೆಸಲಿ, ಇಂಗ್ಲಿಷ್ ರೈಮ್ಸ್ ಹೇಳಿಸುವ ಶಾಲೆ ಎಂಬ ಅರ್ಥವನ್ನು ಪಡೆದಿದೆ. ಅರ್ಥಪಲ್ಲಟದ ಈ ಉದಾಹರಣೆ ಭಾಷಾವಿಜ್ಞಾನಿಗಳಿಗಷ್ಟೇ ಅಲ್ಲ, ಶಿಕ್ಷಣದ ಚರಿತ್ರಕಾರರಿಗೂ ಸಲ್ಲುವಂಥದು.

ಕರ್ನಾಟಕದ ಕ್ರೈಸ್ತ ಉನ್ನತ ಶಿಕ್ಷಣ ಸಂಸ್ಥೆಗಳು ವಿಶ್ವವಿದ್ಯಾಲಯದ ಸ್ಥಾನವನ್ನು ಪಡೆದದ್ದು ತೀರ ಈಚೆಗೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಸೇಂಟ್ ಜೋಸೆಫ್ಸ್ 2022ರಲ್ಲಿಯೂ ಮಂಗಳೂರಿನ ಸಂತ ಅಲೋಶಿಯಸ್ 2024ರಲ್ಲಿಯೂ ವಿಶ್ವವಿದ್ಯಾಲಯಗಳಾದವು. ಇವು ಮೂರೂ ಗೋಕಾಕದಿಂದ ದೂರದಲ್ಲಿವೆ. ಶಿಶುಶಿಕ್ಷಣದ ವಿಷಯದಲ್ಲಿ ಇಂಥ ಸಂಸ್ಥೆಗಳು ಯಾವ ಮಾದರಿಯನ್ನು ಹಿಡಿಯುತ್ತವೆಯೋ ಅದೇ ಮಾದರಿ ಖಾಸಗಿ ನರ್ಸರಿಗಳ ಮೂಲಕ ತಾಲ್ಲೂಕು ಊರುಗಳಿಗೆ ಇಳಿಯುತ್ತದೆ. ಆದುದರಿಂದಲೇ ಅವುಗಳ ಹೊಣೆ ನಗರಕ್ಕಷ್ಟೇ ಸೀಮಿತವಲ್ಲ.

ಬೆಳಗಾವಿ ಜಿಲ್ಲೆಯು 1956ರವರೆಗೆ ಮುಂಬೈ ಆಡಳಿತದಲ್ಲಿದ್ದುದು ಇನ್ನೊಂದು ಮುಖ್ಯ ಸಂಗತಿ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಅವರು ಮುಂದೆ ಅನುತಾಯಿ ವಾಘ್ ಅವರೊಡಗೂಡಿ ಬೋರ್ಡಿ ಹಾಗೂ ಕೋಸಬಾಡದ ಬುಡಕಟ್ಟು ಪ್ರದೇಶದಲ್ಲಿ ಬಾಲವಾಡಿಗಳನ್ನು ನಡೆಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬ ಅವರ ಪ್ರಯೋಗದಿಂದ ‘ಅಂಗಣವಾಡಿ’ ಎಂಬ ಮಾತು ರೂಢಿಗೆ ಬಂದಿತು. ದುಬಾರಿ ಮಾಂಟೆಸ್ಸರಿ ಉಪಕರಣಗಳ ಬದಲು ಬೀಜ, ಎಲೆ, ಕಲ್ಲು, ಚಿಪ್ಪುಗಳನ್ನು ಬಳಸಿದುದು ಅವರ ಹೆಗ್ಗಳಿಕೆ. ಮರಿಯಾ ಮಾಂಟೆಸ್ಸರಿ ಸ್ವತಃ 1939ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದ್ದರು. ಕ್ಯಾಥೊಲಿಕ್ ಶ್ರದ್ಧೆಯ ಈ ವೈದ್ಯೆಯ ಪದ್ಧತಿಯನ್ನು ಥಿಯಾಸಫಿಸ್ಟರೂ ಗಾಂಧೀವಾದಿಗಳೂ ಒಪ್ಪಿಕೊಂಡುದು ಆ ಕಾಲದ ಔದಾರ್ಯಕ್ಕೆ ಸಾಕ್ಷಿ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಜಾರಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ ಅರವತ್ತೈದು ಸಾವಿರಕ್ಕೂ ಹೆಚ್ಚು ಅಂಗನವಾಡಿ ಕೇಂದ್ರಗಳಿವೆ. ಅಂಗನವಾಡಿ ಕಾರ್ಯಕರ್ತೆಯನ್ನು ಶಿಕ್ಷಕಿಯೆಂದು ಕರೆಯಬೇಕೇ ಎಂಬುದೇ ಬಹುಕಾಲ ನಿರ್ಧಾರವಾಗದ ಪ್ರಶ್ನೆ. ಪೂರಕ ಆಹಾರ, ತೂಕ, ಚುಚ್ಚುಮದ್ದು, ಗರ್ಭಿಣಿಯರ ನೋಂದಣಿ ಇವೆಲ್ಲದರ ನಡುವೆ ಶಾಲಾಪೂರ್ವ ಶಿಕ್ಷಣವು ಅವಳ ಕೆಲಸದ ಒಂದು ಭಾಗ ಮಾತ್ರ. ತರಬೇತಿಯಲ್ಲಿಯೂ ಅದಕ್ಕೆ ಸಿಗುವುದು ಒಂದು ಪಾಲು. ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್ 25ರ ತೀರ್ಪಿನಲ್ಲಿ ಈ ಕಾರ್ಯಕರ್ತೆಯರಿಗೆ ಉಪದಾನದ ಹಕ್ಕಿದೆಯೆಂದು ಹೇಳುವಾಗ, ಶಿಕ್ಷಣ ಹಕ್ಕು ಕಾಯಿದೆಯ ಹನ್ನೊಂದನೆಯ ಕಲಮಿನಂತೆ ಅವರು ಮಾಡುವ ಶಾಲಾಪೂರ್ವ ಶಿಕ್ಷಣ ಕಾರ್ಯವನ್ನೂ ಪರಿಗಣಿಸಿತು. ಗೌರವಧನದ ಮೇಲೆ ದುಡಿಯುವ ಹೆಣ್ಣುಮಗಳ ಕೆಲಸವನ್ನು ಶಿಕ್ಷಣವೆಂದು ಗುರುತಿಸಲು ನಾಲ್ಕು ದಶಕಗಳಿಗೂ ಮೀರಿದ ಕಾಲ ಹಿಡಿಯಿತು.

ಈ ಹಿನ್ನೆಲೆಯಲ್ಲಿ ಪ್ರಸ್ತುತ ಪ್ರದೇಶವನ್ನು ನೋಡಬೇಕು. ಘಟಪ್ರಭಾ ನದಿಯ ಆಸುಪಾಸಿನ ಈ ಮೂರು ತಾಲ್ಲೂಕುಗಳು ಒಂದೇ ಸಾಂಸ್ಕೃತಿಕ ಘಟಕವೆನ್ನಬಹುದು. ಮೂಡಲಗಿಯು ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದುದು ಈಚೆಗೆ. ಶ್ರೀಕೃಷ್ಣ ಪಾರಿಜಾತಕ್ಕೆ ರೂಪಕೊಟ್ಟ ಕುಲಗೋಡ ತಮ್ಮಣ್ಣನ ಊರೂ ಆ ಆಟವನ್ನು ನಾಡಿಗೆಲ್ಲ ಪರಿಚಯಿಸಿದ ಕೌಜಲಗಿ ನಿಂಗಮ್ಮನ ಊರೂ ಇದೇ ಸೀಮೆಯವು. ಆನಂದಕಂದರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರು ಗೋಕಾಕ ತಾಲ್ಲೂಕಿನ ಬೆಟಗೇರಿಯವರು; ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರು. ಅಂಗಳದ ಮಾತನ್ನೇ ಸಾಹಿತ್ಯದ ಮಾತಾಗಿಸಿದ ಈ ಇಬ್ಬರು ಬೆಳೆದ ನೆಲದಲ್ಲಿ ಶಿಶುಶಿಕ್ಷಕಿಯ ಕೈಗೆ ಸಿಗುವ ಚಿತ್ರಪಟದ ಭಾಷೆ ಯಾವುದು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಚಿತ್ರಪಟದಲ್ಲಿ ಈರುಳ್ಳಿ ಎಂದಿರುತ್ತದೆ. ಮಗು ಬಲ್ಲದ್ದು ಉಳ್ಳಾಗಡ್ಡಿ. ಆಲೂಗಡ್ಡೆ ಅದಕ್ಕೆ ಬಟಾಟಿ, ಕಡಲೆಕಾಯಿ ಅದಕ್ಕೆ ಶೇಂಗಾ, ಮೆಕ್ಕೆಜೋಳ ಅದಕ್ಕೆ ಗೋವಿನಜೋಳ. ಚಿಕ್ಕಪ್ಪನನ್ನು ಕಾಕಾ ಎಂದೂ ಅತ್ತಿಗೆಯನ್ನು ವೈನಿ ಎಂದೂ ಕರೆದು ಬೆಳೆದ ಮಗುವಿಗೆ ‘ನಮ್ಮ ಕುಟುಂಬ’ದ ಪಾಠವು ಬೇರೆ ಯಾರದೋ ಕುಟುಂಬದ ಪಾಠವಾಗಿಬಿಡುತ್ತದೆ. ಕಾರ್ಯಕರ್ತೆ ಅದೇ ಊರಿನವಳು. ಅವಳ ಬಾಯಲ್ಲಿಯೂ ಉಳ್ಳಾಗಡ್ಡಿಯೇ. ತರಬೇತಿಯಿಂದ ಮರಳಿದ ಮೇಲೆ ಮಕ್ಕಳೆದುರು ಮಾತ್ರ ಈರುಳ್ಳಿ. ತನ್ನ ನುಡಿ ತಪ್ಪೆಂಬ ಅಳುಕು ಮೊದಲು ಶಿಕ್ಷಕಿಯಲ್ಲಿ ನೆಲೆಗೊಂಡು ಅನಂತರ ಮಗುವಿಗೆ ದಾಟುತ್ತದೆ. ಹುಕ್ಕೇರಿ, ಸಂಕೇಶ್ವರದ ಕಡೆ ಮರಾಠಿಯೂ, ಊರೂರುಗಳ ಮುಸ್ಲಿಂ ಮನೆಗಳಲ್ಲಿ ಉರ್ದುವೂ ಮನೆಮಾತಾಗಿರುವುದರಿಂದ ಸಮಸ್ಯೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಗೋಕಾಕ ಎಂಬ ಹೆಸರು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು 1981ರ ವಿ. ಕೃ. ಗೋಕಾಕ್ ಸಮಿತಿಯ ವರದಿ ಹಾಗೂ ಅದರ ಹಿಂದಿನ ಚಳವಳಿ. ಆ ವರದಿಯ ಚರ್ಚೆ ಪ್ರೌಢಶಾಲೆಯ ಪ್ರಥಮ ಭಾಷೆಯನ್ನು ಕುರಿತದ್ದು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದಿದ್ದುದು ಪ್ರಾಥಮಿಕ ಶಾಲೆಯ ಮಾಧ್ಯಮ. ಮೂರು ವರ್ಷದ ಮಗುವಿನ ನುಡಿಯು ಈ ಎರಡು ಚರ್ಚೆಗಳಲ್ಲಿಯೂ ಕೇಂದ್ರಕ್ಕೆ ಬರಲಿಲ್ಲ.

ಜನಪದವು ಶಿಶುಶಿಕ್ಷಕಿಗೆ ಏನನ್ನು ಕೊಡಬಲ್ಲುದು ಎಂಬುದಕ್ಕೆ ಈ ಭಾಗದ ಮಳೆಗಾಲದ ಆಚರಣೆಗಳು ಉತ್ತಮ ನಿದರ್ಶನ. ಜ್ಯೇಷ್ಠದ ಅಮಾವಾಸ್ಯೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಕ್ಕಳು ಹಸಿಮಣ್ಣಿನಲ್ಲಿ ಎತ್ತಿನ ಜೋಡಿಯನ್ನೂ ಗೋದಲಿಯನ್ನೂ ಮಾಡುತ್ತಾರೆ. ಮರುದಿನ ಕಾಲು ಮುರಿದ ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ, ಎತ್ತುಗಳನ್ನು ಎಣಿಸುವ ಪದ ಹೇಳಿ, ಕಾಳುಕಡಿ ಬೇಡಿ ತರುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡುತ್ತಾರೆ. ಮಣ್ಣು ತರುವುದು, ಕಲ್ಲು ಕಸ ಆರಿಸುವುದು, ನಾದುವುದು, ಮೂರ್ತಿ ತಿದ್ದುವುದು, ಗುಲಗಂಜಿಯನ್ನೂ ಕಾಳುಗಳನ್ನೂ ಸಾಲಾಗಿ ಒತ್ತಿ ಸಿಂಗರಿಸುವುದು, ಕೊನೆಗೆ ಬುತ್ತಿ ಕಟ್ಟಿಕೊಂಡು ಹಳ್ಳಕ್ಕೆ ಹೋಗಿ ಬಿಟ್ಟುಬರುವುದು ಇವೆಲ್ಲ ಅದರ ಹಂತಗಳು. ಶ್ರಾವಣದಲ್ಲಿ ಪಂಚಮಿಯ ಮಣ್ಣಿನ ನಾಗಪ್ಪ, ಅಳ್ಳು, ಉಂಡಿ, ಜೋಕಾಲಿ. ಭಾದ್ರಪದದಲ್ಲಿ ಗಣಪತಿ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ.

ಈ ಕ್ರಮದಲ್ಲಿ ಒಂದು ಪಠ್ಯಕ್ರಮವೇ ಅಡಗಿದೆ. ನಾಲ್ಕು ತಿಂಗಳು ಮಗು ಮಣ್ಣಿನೊಡನೆ ಕೆಲಸ ಮಾಡುತ್ತದೆ. ಮೊದಲಿನ ಎತ್ತು ಸ್ಥೂಲವಾದ ರೂಪ: ಒಂದು ಮುದ್ದೆ, ನಾಲ್ಕು ಕಾಲು, ಎರಡು ಕೊಂಬು. ಗುಳ್ಳವ್ವನಲ್ಲಿ ಬೆರಳ ತುದಿಯ ಕೆಲಸ ಹೆಚ್ಚು. ಹೆಬ್ಬೆರಳು ತೋರುಬೆರಳುಗಳ ನಡುವೆ ಗುಲಗಂಜಿಯನ್ನು ಹಿಡಿದು ತಕ್ಕ ಜಾಗದಲ್ಲಿ ಒತ್ತಬೇಕು. ಮುಂದೆ ಬಳಪ ಹಿಡಿಯಬೇಕಾದ ಬೆರಳುಗಳು ಇವೇ. ಶಿಶುಶಿಕ್ಷಣದ ಗ್ರಂಥಗಳು ಸೂಕ್ಷ್ಮ ಸ್ನಾಯುಗಳ ಚಾಲನೆ, ವರ್ಗೀಕರಣ, ವಿನ್ಯಾಸ, ಅನುಕ್ರಮ ಎಂದು ಹೆಸರಿಸುವ ಸಾಮರ್ಥ್ಯಗಳೆಲ್ಲ ಇಲ್ಲಿ ಹಬ್ಬದ ಉತ್ಸಾಹದಲ್ಲಿ ಸಾಧಿತವಾಗುತ್ತವೆ. ಅಂಗನವಾಡಿಗೆ ಹೊಸ ಮಕ್ಕಳು ಬರುವುದು ಸಹ ಮುಂಗಾರಿನ ಇದೇ ಹೊತ್ತಿಗೆ. ಹೀಗಿದ್ದೂ ತರಬೇತಿಯಲ್ಲಿ ‘ಜೇಡಿಮಣ್ಣಿನ ಚಟುವಟಿಕೆ’ಯು ಯಾವುದೋ ಒಂದು ವಾರದ ಕೋಷ್ಟಕದಲ್ಲಿ, ಹಲವು ಚಟುವಟಿಕೆಗಳಲ್ಲಿ ಒಂದಾಗಿ ಬರುತ್ತದೆ, ಊರಿನ ಪಂಚಾಂಗಕ್ಕೂ ಅದಕ್ಕೂ ಗಂಟು ಬೀಳುವುದಿಲ್ಲ. ರಾಜ್ಯದ ಅಂಗನವಾಡಿಗಳಲ್ಲಿ ಬಳಕೆಗೆ ಬಂದ ‘ಚಿಲಿಪಿಲಿ’ ಪುಸ್ತಕವು ವಿಷಯವಾರು ಚಟುವಟಿಕೆ, ಹಾಡು, ಕಥೆಗಳನ್ನು ಕನ್ನಡದಲ್ಲಿಯೇ ಕೊಟ್ಟುದು ನಿಜವಾಗಿ ಒಳ್ಳೆಯ ಹೆಜ್ಜೆ. ಆದರೆ ಕೊಡಗಿಗೂ ಗೋಕಾಕಕ್ಕೂ ಒಂದೇ ಪುಸ್ತಕವಾದಾಗ ಮಳೆಯೂ ಮಣ್ಣೂ ಒಂದೇ ಆಗಿಬಿಡುತ್ತವೆ.

ಎಣಿಕೆಯ ವಿಷಯವೂ ಹೀಗೆಯೇ. ಐದು ಕಲ್ಲಿನ ಆಟದಲ್ಲಿ ಒಂದನ್ನು ತೂರಿ ಒಂದನ್ನು, ಬಳಿಕ ಎರಡೆರಡನ್ನು, ಮತ್ತೆ ಮೂರು ಮತ್ತು ಒಂದನ್ನು ಎತ್ತಿಕೊಳ್ಳುವಾಗ ನಾಲ್ಕು ಎಂಬ ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆಯಬಹುದೆಂಬುದು ಕೈಗೆ ತಿಳಿಯುತ್ತದೆ. ಕಣದಲ್ಲಿ ರಾಶಿ ಅಳೆಯುವ ರೈತನು ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾನೆ. ಪಕ್ಕದಲ್ಲಿ ನಿಂತ ಮಗುವಿಗೆ ಸಂಖ್ಯೆಯ ಹೆಸರು ಬೇರೆ, ಸಂಖ್ಯೆ ಬೇರೆ ಎಂಬ ಗಣಿತದ ಒಂದು ಮೂಲ ಸತ್ಯ ಅಲ್ಲಿಯೇ ಹೊಳೆಯಬಹುದು. ಇಂಥದನ್ನು ತರಬೇತಿಯಲ್ಲಿ ಹೇಳಿಕೊಡುವ ಅಗತ್ಯವೂ ಇಲ್ಲ. ಗೊತ್ತಿದ್ದುದನ್ನು ಗಣಿತವೆಂದು ಗುರುತಿಸಿ ಹೇಳಿದರೆ ಸಾಕು.

ಪಾರಿಜಾತದ ಭಾಗವತನೂ ಗೊಲ್ಲತಿಯೂ ನಡೆಸುವ ಪ್ರಶ್ನೋತ್ತರವನ್ನು ಮಕ್ಕಳ ಸಂಭಾಷಣೆಗೆ ಮಾದರಿಯಾಗಿ ಬಳಸಬಹುದು. ಆ ಆಟದ ಸೊಗಸಿರುವುದು ಕೇಳುವವನು ಗೊತ್ತಿಲ್ಲದವನಂತೆ ಕೇಳುವುದರಲ್ಲಿ. ಶಿಶುಶಿಕ್ಷಕಿಯು ಕಲಿಯಬೇಕಾದ ಕಠಿಣ ಕಲೆಯೂ ಅದೇ.

ಗೋಕಾಕದ ಗೊಂಬೆಗಳ ಸಂಗತಿಯಂತೂ ಕಣ್ಣೆದುರಿನ ಉದಾಹರಣೆ. ಹಗುರ ಮರದಲ್ಲಿ ಕೊರೆದು ಬಣ್ಣ ಹಚ್ಚಿದ ಹಣ್ಣು, ಕಾಯಿಪಲ್ಲೆ, ಹಕ್ಕಿ, ಮನುಷ್ಯರ ಆಕೃತಿಗಳಿಗೆ ಈ ಊರು ಬ್ರಿಟಿಷರ ಕಾಲದಿಂದಲೂ ಪ್ರಸಿದ್ಧ. ಫ್ರೋಬೆಲ್ ತನ್ನ ಶಿಶುವಿಹಾರಕ್ಕೆ ಮರದ ಚೆಂಡು, ಘನ, ಸಿಲಿಂಡರ್‌ಗಳ ‘ಕೊಡುಗೆ’ಗಳನ್ನು ರೂಪಿಸಿದ, ಮಾಂಟೆಸ್ಸರಿ ಗುಲಾಬಿ ಗೋಪುರವನ್ನು ರೂಪಿಸಿದರು. ಮರದಲ್ಲಿ ಬಾಳೆಹಣ್ಣನ್ನೂ ಬದನೆಕಾಯಿಯನ್ನೂ ತದ್ರೂಪವಾಗಿ ಮಾಡಬಲ್ಲ ಕುಶಲಿಗಳಿರುವ ಊರಿನ ಶಿಶುಕೇಂದ್ರಗಳಿಗೆ ಪ್ಲಾಸ್ಟಿಕ್ ಹಣ್ಣುಗಳ ಪೆಟ್ಟಿಗೆ ಬರುವುದನ್ನು ಯಾವ ಶಿಕ್ಷಣ ತತ್ತ್ವದಿಂದಲೂ ಸಮರ್ಥಿಸಲಾಗದು. ಈ ಕಸುಬು ಇಂದು ಮೊದಲಿನ ವಿಸ್ತಾರದಲ್ಲಿ ಉಳಿದಿಲ್ಲ. ತರಬೇತಿಯ ಸಾಮಗ್ರಿಗೆ ಅದನ್ನು ಜೋಡಿಸಿದರೆ ಕಸುಬಿಗೂ ಮಕ್ಕಳಿಗೂ ಅನುಕೂಲವಾದೀತು.

ಜನಪದವೆಲ್ಲವೂ ಮಕ್ಕಳಿಗೆ ಯೋಗ್ಯವೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಗುಮ್ಮನ ಹೆದರಿಕೆ, ಹೆಣ್ಣುಮಗುವನ್ನು ಪರರ ಮನೆಯ ಸೊತ್ತೆನ್ನುವ ತೊಟ್ಟಿಲ ಪದಗಳು, ಜಾತಿಯ ಹೆಸರು ಹಿಡಿದು ಹೀಯಾಳಿಸುವ ಪ್ರಾಸಗಳು ಈ ಸಂಪತ್ತಿನ ಒಳಗೇ ಇವೆ. ಗುಳ್ಳವ್ವ ಹುಡುಗಿಯರಿಗೆ, ಮಣ್ಣೆತ್ತು ಹುಡುಗರಿಗೆ ಎಂಬ ವಿಭಜನೆಯನ್ನು ಶಿಶುಕೇಂದ್ರವು ಮುಂದುವರಿಸಬೇಕಾಗಿಲ್ಲ. ಎಲ್ಲ ಮತದ ಮಕ್ಕಳೂ ಕೂಡುವ ಜಾಗದಲ್ಲಿ ಮಣ್ಣಿನ ಕೆಲಸವನ್ನು ಉಳಿಸಿಕೊಂಡು ಪೂಜೆಯನ್ನು ಮನೆಗೆ ಬಿಡುವುದು ಉಚಿತ. ಈ ಆಯ್ಕೆಯ ವಿವೇಕವನ್ನು ಕಲಿಸುವುದೇ ತರಬೇತಿಯ ಕೆಲಸ. ಅದಕ್ಕೆ ಹಾಡುಗಳ ಪಟ್ಟಿಯೊಂದನ್ನು ಕೈಗಿತ್ತರೆ ಸಾಲದು. ಕಾರ್ಯಕರ್ತೆಯರಿಂದಲೇ ಅವರವರ ಊರಿನ ಪದಗಳನ್ನು ಹಾಡಿಸಿ, ಯಾವುದನ್ನು ಏಕೆ ಇಟ್ಟುಕೊಳ್ಳಬೇಕು, ಏಕೆ ಬಿಡಬೇಕೆಂದು ಅವರ ನಡುವೆಯೇ ಚರ್ಚೆಯಾಗಬೇಕು. ಇಂಥ ಚರ್ಚೆಗೆ ಸಮಯ ಬೇಕು. ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮದಡಿ 2023ರಿಂದ ದೊರೆಯುತ್ತಿರುವುದು ಮೂರು ದಿನಗಳ ತರಬೇತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸ್ಥಳೀಯ ಕಥೆ, ಹಾಡು, ಆಟಗಳ ಮಹತ್ವವನ್ನು ಒಪ್ಪಿಕೊಂಡಿದೆ. 2024ರಲ್ಲಿ ಮೂರರಿಂದ ಆರು ವರ್ಷದವರಿಗಾಗಿ ‘ಆಧಾರಶಿಲಾ’ ಪಠ್ಯಕ್ರಮವೂ ಬಂದಿದೆ. ಅದೇ ವರ್ಷ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯುವುದನ್ನು ವಿರೋಧಿಸಿ ರಾಜ್ಯದ ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರಕಾರಿ ಮಾಂಟೆಸ್ಸರಿ’ ಎಂಬ ಹೆಸರು ಬಂದಿತು. ಹೆಸರು ಬದಲಾದ ಮಾತ್ರಕ್ಕೆ ಶಿಕ್ಷಕಿಯ ಸಿದ್ಧತೆ ಬದಲಾಗದು.

ಜಾನಪದ ಅಧ್ಯಯನದ ಕಡೆಯಿಂದಲೂ ಒಂದು ಲೋಪವಾಗಿದೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಂದಿನಿಂದ ಈ ಭಾಗದ ತ್ರಿಪದಿ, ಲಾವಣಿ, ಬಯಲಾಟಗಳ ಸಂಗ್ರಹ ವಿಪುಲವಾಗಿ ನಡೆದಿದೆ. ಅವುಗಳಿಗೆ ಹೋಲಿಸಿದರೆ ಮಕ್ಕಳ ಪ್ರಾಸ, ಎಣಿಕೆಯ ಪದ, ಆಟದ ನಿಯಮಗಳ ಸಂಗ್ರಹಕ್ಕೆ ದೊರೆತ ಗಮನ ಅಲ್ಪ. ಜೋಗುಳವನ್ನು ಸಂಗ್ರಹಿಸಿದವರೂ ಬಹುಮಟ್ಟಿಗೆ ತಾಯಿಯ ಭಾವವನ್ನು ವಿವೇಚಿಸಿದರು. ತೊಟ್ಟಿಲಲ್ಲಿದ್ದ ಕೇಳುಗನನ್ನು ಮರೆತರು. ಹಾಡಿನ ಜೊತೆಗಿನ ಕೈಯ ಚಲನೆ, ಮಗುವಿನ ವಯಸ್ಸು, ಆಟ ಮುಗಿಯುವ ಬಗೆ ಇವುಗಳನ್ನು ದಾಖಲಿಸದ ಪಠ್ಯವು ಶಿಶುಶಿಕ್ಷಕಿಯ ಕೈಯಲ್ಲಿ ನಿರುಪಯುಕ್ತ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳ ವಿದ್ಯಾರ್ಥಿನಿಯರಲ್ಲಿ ಅಂಗನವಾಡಿಯಲ್ಲಿ ಆಡಿ ಬೆಳೆದವರು ಅನೇಕರಿದ್ದಾರೆ. ಕ್ಷೇತ್ರಕಾರ್ಯಕ್ಕೆ ಅವರಿಗಿಂತ ತಕ್ಕವರಿಲ್ಲ. ಮೂರೂ ತಾಲ್ಲೂಕುಗಳ ಕಬ್ಬಿನ ಗದ್ದೆಗಳಿಗೆ ಹಂಗಾಮಿನಲ್ಲಿ ಬರುವ ಕಡಿಯುವವರ ಟೋಳಿಗಳೊಡನೆ ಮರಾಠಿ, ಲಂಬಾಣಿ ನುಡಿಯುವ ಮಕ್ಕಳೂ ಬರುತ್ತಾರೆ. ಗಾಡಿಯ ನೆರಳಿನಲ್ಲಿ ಕಟ್ಟಿದ ಅವರ ಜೋಳಿಗೆಯ ತೊಟ್ಟಿಲಿನ ಪದಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ಹಂಗಾಮು ಮುಗಿಯುವ ಮೊದಲೇ ಆಗಬೇಕಾದುದು.